ರಾಕರ್ ಮೇಲಿನ ಗುರುತು

ಕುಂಸಿಯಲ್ಲಿ ಸಾಗರ ರಸ್ತೆಯ ಬದಿಗಿದ್ದ ಅಪ್ಪನ ಗ್ಯಾರೇಜಿಗೆ ಬರುತ್ತಿದ್ದ ಗಾಡಿಗಳಲ್ಲಿ ಮುಕ್ಕಾಲು ಪಾಲು ಜೀಪುಗಳು. ಶುಂಠಿ, ಅಡಿಕೆ ಹೇರಿಕೊಂಡು ರಿಪ್ಪನ್‌ಪೇಟೆ, ಹೊಸನಗರ ಕಡೆಯ ತೋಟಗಳಿಂದ ಬರುವಂಥವು. ಮಳೆಗಾಲದಲ್ಲಿ ಕೈಕೊಡದ ಇಂಜಿನ್ನು ಬೇಕು ಅನ್ನುವುದೊಂದೇ ಅವುಗಳ ಯಜಮಾನರ ಬೇಡಿಕೆ. ಸ್ಪೀಡಿನ ಮಾತಾಡುವವರು ಅಪರೂಪ. ತೊಂಬತ್ತರ ದಶಕದ ಕೊನೆಯಲ್ಲಿ ಒಬ್ಬ ತೋಟದ ಹುಡುಗ ಜಿಪ್ಸಿ ಕಿಂಗ್ ತಂದು ನಿಲ್ಲಿಸಿ, ಹಳೇ ಪಂಚೆಯಲ್ಲಿ ಸುತ್ತಿದ್ದ, ವಾಲ್ವನ್ನು ಹೆಚ್ಚು ತೆರೆಯುವ ಹೈ ಲಿಫ್ಟ್ ಕ್ಯಾಮ್ ಶಾಫ್ಟನ್ನು ಬೆಂಚಿನ ಮೇಲೆ ಇಟ್ಟ. ಮಣ್ಣಿನ ಟ್ರ್ಯಾಕಿನಲ್ಲಿ ಆಟೋಕ್ರಾಸ್ ಓಡಿಸುವ ಹುಚ್ಚು ಅವನಿಗೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಮೇಸ್ತ್ರೇ, ಇದಕ್ಕೆ ಕಂಪನಿ ರಾಕರ್ರೇ ಸಾಕಾ, ಹೊರಗಿಂದು ಹಾಕ್ಬೇಕಾ?"

"ಮೊದ್ಲು ಹೆಡ್ ಕವರ್ ಬಿಚ್ಚಿ ನೋಡಾಣ ತಮ್ಮಾ. ಅದನ್ನ ನೋಡ್ದೆ ನಾನು ಹೆಂಗೆ ಹೇಳ್ಲಿ?" ಅಂದರು ಅಪ್ಪ.

ನಾನಾಗ ಶಿವಮೊಗ್ಗದ ಜೆಎನ್‌ಎನ್‌ಸಿಇಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೆ. ಡ್ರಾಯಿಂಗ್ ಹಾಲಿನಲ್ಲಿ ಶೀಟು ಹರಡಿಕೊಂಡು ಕ್ಯಾಮ್ ಪ್ರೊಫೈಲ್ ಬರೆಯುವುದು, ಅದರ ಮೇಲೆ ಫಾಲೋಯರ್ ಎಷ್ಟೆಷ್ಟು ಏಳುತ್ತದೆ ಎಂದು ಡಿಗ್ರಿ ಡಿಗ್ರಿಗೆ ಗುರುತು ಹಾಕುವುದು ನಮ್ಮ ಪಾಠ. ರಜೆಗೆ ಊರಿಗೆ ಬಂದರೆ ಅದೇ ವಸ್ತು ಎಣ್ಣೆ ಮೆತ್ತಿಕೊಂಡು ಕೈಗೆ ಸಿಗುತ್ತಿತ್ತು. ಗ್ಯಾರೇಜಿನಲ್ಲಿ ಹೆಣ್ಣುಮಗಳಿಗೆ ಏನು ಕೆಲಸ ಎಂದು ಕೇಳುವವರು ಇದ್ದರು. ಅಪ್ಪ ಅದಕ್ಕೆ ಉತ್ತರ ಕೊಡುತ್ತಿರಲಿಲ್ಲ, ಫೀಲರ್ ಗೇಜನ್ನು ನನ್ನ ಕೈಗೆ ಕೊಡುತ್ತಿದ್ದರು.

ಏತ ನೋಡಿದವರಿಗೆ ರಾಕರ್ ಆರ್ಮ್ ಏನೆಂದು ತಿಳಿಸುವುದು ಕಷ್ಟವಲ್ಲ. ನಡುವೆ ಆನಿಕೆ, ಒಂದು ತುದಿ ಎದ್ದರೆ ಇನ್ನೊಂದು ಇಳಿಯುತ್ತದೆ. ಕ್ಯಾಮ್ ಒಂದು ತುದಿಯನ್ನು ಎತ್ತುತ್ತದೆ, ಇನ್ನೊಂದು ತುದಿ ವಾಲ್ವನ್ನು ಒತ್ತಿ ತೆರೆಯುತ್ತದೆ. ಆನಿಕೆಯಿಂದ ವಾಲ್ವಿನ ಕಡೆಯ ತೋಳು ಕ್ಯಾಮ್ ಕಡೆಯದಕ್ಕಿಂತ ಉದ್ದವಿದ್ದರೆ ವಾಲ್ವು ಕ್ಯಾಮಿಗಿಂತ ಹೆಚ್ಚು ಚಲಿಸುತ್ತದೆ. ಇದನ್ನೇ ರೇಷಿಯೊ ಅನ್ನುತ್ತಾರೆ. ಕ್ಯಾಮ್ 6 ಮಿ.ಮೀ. ಎತ್ತಿ, ರೇಷಿಯೊ 1.4 ಇದ್ದರೆ ವಾಲ್ವು ತೆರೆಯುವುದು 8.4 ಮಿ.ಮೀ. ಅದೇ ಕ್ಯಾಮಿಗೆ 1.5ರ ರಾಕರ್ ಹಾಕಿದರೆ 9 ಮಿ.ಮೀ. ಆಗುತ್ತದೆ. ಕಾಗದದ ಮೇಲೆ ಬಲು ಸುಲಭ.

ಕಷ್ಟ ಶುರುವಾಗುವುದು ರಾಕರಿನ ತುದಿ ನೆಟ್ಟಗೆ ಕೆಳಗಿಳಿಯುವುದಿಲ್ಲ ಎಂಬಲ್ಲಿ. ಅದು ಕಮಾನಿನಂತೆ ಬಳಸಿಕೊಂಡು ಇಳಿಯುತ್ತದೆ; ವಾಲ್ವು ಮಾತ್ರ ಗೈಡಿನೊಳಗೆ ನೆಟ್ಟಗೇ ಹೋಗಬೇಕು. ಈ ಎರಡು ದಾರಿಗಳ ನಡುವಿನ ವ್ಯತ್ಯಾಸ ವಾಲ್ವಿನ ತಲೆಯ ಮೇಲೆ ಉಜ್ಜಾಟವಾಗಿ ಕಾಣಿಸಿಕೊಳ್ಳುತ್ತದೆ. ಲಿಫ್ಟ್ ಹೆಚ್ಚಿದಷ್ಟೂ ಉಜ್ಜಾಟದ ಉದ್ದ ಹೆಚ್ಚುತ್ತದೆ, ವಾಲ್ವನ್ನು ಪಕ್ಕಕ್ಕೆ ತಳ್ಳುವ ಒತ್ತಡ ಹೆಚ್ಚುತ್ತದೆ, ಗೈಡು ಮೊಟ್ಟೆಯಾಕಾರಕ್ಕೆ ಸವೆಯುತ್ತದೆ. ಆಮೇಲೆ ಸೈಲೆನ್ಸರಿನಲ್ಲಿ ನೀಲಿ ಹೊಗೆ. ಮಾಲೀಕ ಪಿಸ್ಟನ್ ರಿಂಗು ಹೋಯಿತು ಅಂದುಕೊಳ್ಳುತ್ತಾನೆ.

ಆ ಹುಡುಗನ ಜಿಪ್ಸಿಯದು 1298 ಸಿಸಿಯ ಎಂಟು ವಾಲ್ವಿನ ಇಂಜಿನ್ನು. ಕ್ಯಾಮ್ ಹೆಡ್ಡಿನಲ್ಲೇ ಇದೆ, ರಾಕರುಗಳು ಎರಡು ಶಾಫ್ಟಿನ ಮೇಲೆ ಸಾಲಾಗಿ ಕೂತಿವೆ. ಒಂದು ತುದಿಯ ಪ್ಯಾಡು ಕ್ಯಾಮಿನ ಮೇಲೆ ನೇರವಾಗಿ ಜಾರುತ್ತದೆ, ಇನ್ನೊಂದು ತುದಿಯಲ್ಲಿ ಟ್ಯಾಪೆಟ್ ಸ್ಕ್ರೂ ಇದ್ದು ಅದು ವಾಲ್ವನ್ನು ಒತ್ತುತ್ತದೆ. ಮಾರುತಿ 800ರ ಹಳೆಯ 796 ಸಿಸಿ ಇಂಜಿನ್ನಿನದೂ ಇದೇ ಕಟ್ಟು. ಅವನು ತಂದಿದ್ದ ಹೈ ಲಿಫ್ಟ್ ಕ್ಯಾಮ್ ಹೊಸದಾಗಿ ಎರಕ ಹೊಯ್ದದ್ದಲ್ಲ, ಕಂಪನಿ ಕ್ಯಾಮನ್ನೇ ಮತ್ತೆ ಗ್ರೈಂಡ್ ಮಾಡಿದ್ದು. ನಮ್ಮಲ್ಲಿ ಹೈ ಲಿಫ್ಟ್ ಕ್ಯಾಮ್ ಎಂದರೆ ಹೆಚ್ಚಾಗಿ ಇದೇ. ಕ್ಯಾಮಿನ ಮೂಗನ್ನು, ಅಂದರೆ ರಾಕರನ್ನು ಎತ್ತುವ ಉಬ್ಬನ್ನು, ಎತ್ತರಿಸಲು ಲೋಹ ಸೇರಿಸುವುದಿಲ್ಲ. ಬುಡದ ವೃತ್ತವನ್ನೇ ಚಿಕ್ಕದು ಮಾಡುತ್ತಾರೆ. ಬುಡದ ತ್ರಿಜ್ಯ 1 ಮಿ.ಮೀ. ಇಳಿದರೆ ಮೂಗು ತಾನಾಗಿ 1 ಮಿ.ಮೀ. ಹೆಚ್ಚು ಎತ್ತಿದಂತಾಗುತ್ತದೆ.

ಇಲ್ಲಿ ರಾಕರ್ ಆಯ್ಕೆಗೆ ಮೊದಲೇ ಒಂದು ವಿಷಯ ತೀರ್ಮಾನವಾಗಿಬಿಡುತ್ತದೆ. ಬುಡ ಚಿಕ್ಕದಾದ ಕ್ಯಾಮಿನ ಮೇಲೆ ರಾಕರಿನ ಪ್ಯಾಡು ಮೊದಲಿಗಿಂತ ಕೆಳಗೆ ಬಂದು ಕೂರುತ್ತದೆ, ವಾಲ್ವಿನ ಕಡೆಯ ತುದಿ ಮೇಲೇಳುತ್ತದೆ. ಆ ಸಂದನ್ನು ತುಂಬಲು ಟ್ಯಾಪೆಟ್ ಸ್ಕ್ರೂವನ್ನು ಬಹಳ ಕೆಳಕ್ಕೆ ಇಳಿಸಬೇಕಾಗುತ್ತದೆ. ಉದ್ದಕ್ಕೆ ಚಾಚಿದ ಸ್ಕ್ರೂವಿನ ತುದಿ ವಾಲ್ವಿನ ನಡುವನ್ನು ಬಿಟ್ಟು ಅಂಚಿಗೆ ಸರಿಯುತ್ತದೆ. ಇದಕ್ಕೆ ಮದ್ದು ಬೇರೆ ರಾಕರೇ ಆಗಬೇಕೆಂದಿಲ್ಲ. ವಾಲ್ವಿನ ತಲೆಗೆ ದಪ್ಪನೆಯ ಟೋಪಿ, ಅಂದರೆ ಲ್ಯಾಷ್ ಕ್ಯಾಪ್ ಹಾಕಿದರೆ ಸ್ಕ್ರೂ ಮತ್ತೆ ತನ್ನ ಜಾಗಕ್ಕೆ ಬರುತ್ತದೆ.

ಅಪ್ಪ ಹೆಡ್ ಇಳಿಸಿ, ಒಂದು ಸಿಲಿಂಡರಿನ ವಾಲ್ವುಗಳಿಗೆ ಕಂಪನಿ ಸ್ಪ್ರಿಂಗಿನ ಬದಲು ಕೈಯಲ್ಲಿ ಒತ್ತಿದರೆ ಒತ್ತಿಹೋಗುವ ಸಣ್ಣ ಸ್ಪ್ರಿಂಗು ಕೂರಿಸಿದರು. ವಾಲ್ವಿನ ತಲೆಗೂ ಕ್ಯಾಮಿನ ಮೂಗಿಗೂ ನೀಲಿ ಬಣ್ಣ ಬಳಿದು, ಕ್ಯಾಮನ್ನು ಕೈಯಿಂದ ನಿಧಾನಕ್ಕೆ ತಿರುಗಿಸಲು ನನಗೆ ಹೇಳಿದರು. ಬಿಚ್ಚಿ ನೋಡಿದರೆ ವಾಲ್ವಿನ ತಲೆಯ ಮೇಲೆ ಬಣ್ಣ ಅಳಿಸಿಹೋದ ಪಟ್ಟಿ. ಅದು ಸಣ್ಣಗಿರಬೇಕು, ನಡುವಿಗಿರಬೇಕು. ಅಗಲವಾಗಿದ್ದರೆ ತುದಿ ಬಹಳ ಓಡಾಡುತ್ತಿದೆ ಎಂದು ಅರ್ಥ. ಅಂಚಿಗಿದ್ದರೆ ಎತ್ತರ ತಪ್ಪಿದೆ. ಆಮೇಲೆ ಪ್ಯಾಡಿನ ಕಡೆಯ ಗುರುತು ನೋಡಬೇಕು. ಹೈ ಲಿಫ್ಟ್ ಕ್ಯಾಮಿನ ಪಕ್ಕೆ ಕಡಿದಾಗಿರುವುದರಿಂದ ಅದು ಪ್ಯಾಡನ್ನು ಮುಟ್ಟುವ ಜಾಗ ಹಿಂದಕ್ಕೂ ಮುಂದಕ್ಕೂ ಹೆಚ್ಚು ಓಡಾಡುತ್ತದೆ. ಪ್ಯಾಡು ಗಿಡ್ಡವಾಗಿದ್ದರೆ ಅದರ ಅಂಚು ಕ್ಯಾಮನ್ನು ಕೆರೆಯುತ್ತದೆ. ಇದನ್ನು ನಾನು ಡ್ರಾಯಿಂಗ್ ಶೀಟಿನ ಮೇಲೂ ಬರೆದು ನೋಡಿದೆ. ಶೀಟಿನ ಗೆರೆಯೂ ಅಪ್ಪನ ನೀಲಿ ಪಟ್ಟಿಯೂ ಒಂದೇ ಮಾತು ಹೇಳಿದವು: ಕ್ಯಾಪ್ ಹಾಕಿದರೆ ವಾಲ್ವಿನ ಗುರುತು ನಡುವಿಗೆ ಬರುತ್ತದೆ, ಪ್ಯಾಡಿನ ಎರಡೂ ಕಡೆ ಇನ್ನೂ ಜಾಗ ಉಳಿದಿದೆ. ಅಂದರೆ ಕಂಪನಿ ರಾಕರಿನ ಆಕಾರ ಈ ಕ್ಯಾಮಿಗೆ ಸಾಲುತ್ತದೆ.

ಹುಡುಗನಿಗೆ ಸಮಾಧಾನವಾಗಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಒಂದು ಸೆಟ್ ರಾಕರ್ ತಂದ. ಡಬ್ಬದ ಮೇಲೆ ರೇಸಿಂಗ್ ಎಂದು ಬರೆದಿತ್ತು, ತಯಾರಿಸಿದವರ ಹೆಸರಿರಲಿಲ್ಲ. ನೋಡಲು ಚೆಂದ, ಫಳಫಳ ಪಾಲಿಷು. ಅಪ್ಪ ಅದನ್ನೂ ಕಂಪನಿಯದನ್ನೂ ಒಂದೇ ಬಟ್ಟೆಯಲ್ಲಿ ಕಟ್ಟಿಕೊಂಡು ನನ್ನನ್ನೂ ಕರೆದುಕೊಂಡು ಭದ್ರಾವತಿ ಬಸ್ಸು ಹತ್ತಿದರು.

ಭದ್ರಾವತಿಯ ವಿಷಯ ಇಲ್ಲಿ ಹೇಳಲೇಬೇಕು. 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯಾಗಿ ಉತ್ಪಾದನೆ ಶುರುಮಾಡಿ, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಾರ್ಖಾನೆ ಅದು. ಕೆಮ್ಮಣ್ಣುಗುಂಡಿಯ ಅದಿರು ಅಲ್ಲಿ ಕಬ್ಬಿಣವಾಯಿತು, ಆಮೇಲಿನ ಕಾಲದಲ್ಲಿ ಮಿಶ್ರಲೋಹದ ಉಕ್ಕು ಕೂಡ. ನಮ್ಮ ಕುಂಸಿಯ ಗುಡ್ಡಗಳಲ್ಲಿ ಹಿಂದೆ ಮ್ಯಾಂಗನೀಸ್ ಅದಿರು ತೆಗೆಯುತ್ತಿದ್ದರು. ಫೋರ್ಜಿಂಗಿಗೆ ಬಳಸುವ ಇಎನ್ 8ರಂಥ ಸಾಧಾರಣ ಉಕ್ಕಿನಲ್ಲೂ ನೂರಕ್ಕೆ 0.6ರಿಂದ 1 ಭಾಗ ಮ್ಯಾಂಗನೀಸ್ ಇರುತ್ತದೆ, ಉಕ್ಕು ಆಳದವರೆಗೆ ಗಟ್ಟಿಯಾಗಲು ಅದು ಬೇಕು. ಮೂರು ತಲೆಮಾರು ಉಕ್ಕಿನ ಜೊತೆ ಬದುಕಿದ ಊರಿನಲ್ಲಿ ಉಕ್ಕನ್ನು ಮುಟ್ಟಿ ಹೇಳುವವರು ಮನೆ ಮನೆಯಲ್ಲಿ ಇದ್ದರು. 2023ರ ಆರಂಭದಲ್ಲಿ ಆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದು ಕಾರ್ಮಿಕರು ಬೀದಿಗಿಳಿದಾಗ ನನಗೆ ಮೊದಲು ಕಣ್ಣಿಗೆ ಬಂದದ್ದು ಯಂತ್ರಗಳಲ್ಲ, ಆ ಬೆರಳುಗಳು.

ನಾವು ಹೋಗಿದ್ದು ಅಂಥವರೊಬ್ಬರ ಮನೆಗೆ. ಹೀಟ್ ಟ್ರೀಟ್‌ಮೆಂಟ್ ಕೆಲಸದಿಂದ ನಿವೃತ್ತರಾದವರು. ಅಪ್ಪ ಅವರನ್ನು ಯಜಮಾನ್ರೇ ಎಂದೇ ಕರೆಯುತ್ತಿದ್ದರು. ಅವರು ಜಗುಲಿಯಲ್ಲಿ ಕೂತು ಒಂದು ಹೊಸ ಅರ ತೆಗೆದು ಕಂಪನಿ ರಾಕರಿನ ಪ್ಯಾಡಿನ ಮೂಲೆಗೆ ಎಳೆದರು. ಅರ ಗಾಜಿನ ಮೇಲೆ ಎಳೆದ ಹಾಗೆ ಜಾರಿತು. ಪಾಲಿಷ್ ಮಾಡಿದ ರಾಕರಿಗೆ ಎಳೆದರು. ಕಚ್ಚಿತು, ಪುಡಿ ಉದುರಿತು.

"ಇದು ಮೆದು ಐತಪ್ಪ. ಕ್ಯಾಮಿಗೆ ಇದನ್ನ ಹಚ್ಚಿದ್ರೆ ಎರಡೂ ಹೋಗ್ತವೆ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಮಗಳೇ, ಗಟ್ಟಿ ಇರೋದು ಮೇಲಿನ ಪದರ ಮಾತ್ರ. ಪ್ಯಾಡು ಸರಿ ಮಾಡಿಸ್ತೀನಿ ಅಂತ ಜಾಸ್ತಿ ಉಜ್ಜಿಸಿಬಿಟ್ರೆ ಕಂಪನಿದೂ ಹಿಂಗೇ ಮೆದು ಆಗುತ್ತೆ. ಕೂದಲೆಳೆಯಷ್ಟೇ ತೆಗೀಬೇಕು" ಅಂತ ಎಚ್ಚರಿಸಿದರು.

ಈ ಮಾತಿನ ಬೆಲೆ ದೊಡ್ಡದು. ಹೊಸ ಕ್ಯಾಮಿಗೆ ಹಳೆಯ ರಾಕರನ್ನು ಇದ್ದ ಹಾಗೆಯೇ ಹಾಕಬಾರದು, ಏಕೆಂದರೆ ಹಳೆಯ ಪ್ಯಾಡಿನ ಮೇಲೆ ಹಳೆಯ ಕ್ಯಾಮಿನ ಸವೆತ ಅಚ್ಚೊತ್ತಿರುತ್ತದೆ. ಅದನ್ನು ನಯ ಮಾಡಿಸಬೇಕು. ನಯ ಮಾಡಿಸುವಾಗ ಪ್ಯಾಡಿನ ಉಬ್ಬಿನ ತ್ರಿಜ್ಯ ಕೆಡಬಾರದು, ಗಟ್ಟಿ ಪದರ ದಾಟಬಾರದು. ಸವೆತ ಆ ಪದರಕ್ಕಿಂತ ಆಳವಾಗಿದ್ದರೆ ಆ ರಾಕರಿನ ಆಯಸ್ಸು ಮುಗಿದಂತೆ. ಆ ಜಾಗಕ್ಕೆ ಹೊಸ ಕಂಪನಿ ರಾಕರ್ ಬರಬೇಕು. ಜಿಪ್ಸಿಯ ಎಂಟರಲ್ಲಿ ಕೆಲವು ಹಾಗೆ ಬದಲಾದವು, ಉಳಿದವು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ನಯವಾಗಿ ಬಂದವು.

ಜೋಡಿಸಿದ ದಿನ ಅಪ್ಪ ಪ್ಯಾಡಿಗೂ ಕ್ಯಾಮಿಗೂ ದಪ್ಪನೆಯ ಅಸೆಂಬ್ಲಿ ಲೂಬ್ ಬಳಿದು, ಸ್ಟಾರ್ಟ್ ಆದ ಕೂಡಲೇ ಐಡಲಿಗೆ ಬಿಡದೆ ಸುಮಾರು 2000 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಓಡಿಸಿದರು. ಜಾರುವ ಪ್ಯಾಡು, ಹೊಸ ಕ್ಯಾಮು ಒಂದಕ್ಕೊಂದು ಹೊಂದಿಕೊಳ್ಳುವುದು ಆ ಹೊತ್ತಿನಲ್ಲೇ. ನಿಧಾನದ ಓಟದಲ್ಲಿ ಕ್ಯಾಮಿಗೆ ಸಿಡಿಯುವ ಎಣ್ಣೆ ಸಾಲದು. ಈಗಿನವರು ಇನ್ನೊಂದನ್ನೂ ಗಮನಿಸಬೇಕು. ಉಜ್ಜಾಟದಿಂದ ಲೋಹವನ್ನು ಕಾಯುವ ಸತು ಮತ್ತು ರಂಜಕದ ಸಂಯುಕ್ತ ಇಂಜಿನ್ ಆಯಿಲ್‌ಗಳಲ್ಲಿ ಈಚೆಗೆ ಕಡಿಮೆಯಾಗಿದೆ, ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಬಾರದೆಂದು. ಹಳೆಯ ಕಟ್ಟಿನ ಇಂಜಿನ್ನಿಗೆ ಹೈ ಲಿಫ್ಟ್ ಕ್ಯಾಮ್ ಹಾಕುವವರು ಆಯಿಲ್ ಆರಿಸುವಾಗ ಇದನ್ನು ನೆನಪಿಡಬೇಕು.

ಒಂದು ಸೀಸನ್ ಓಡಿದ ಮೇಲೆ ಹುಡುಗ ಗಾಡಿ ತಂದಾಗ ಹೆಡ್ ಕವರ್ ತೆಗೆದು ನೋಡಿದೆವು. ವಾಲ್ವಿನ ತಲೆಯ ಮೇಲೆ ಸಣ್ಣನೆಯ ಪಟ್ಟಿ, ನಡುವಿಗೇ. ಗೈಡಿನಲ್ಲಿ ಪ್ಲೇ ಇರಲಿಲ್ಲ. ಅವನು ಒಂದು ಮಾತು ಹೇಳಿದ, ಟ್ರ್ಯಾಕಿನಲ್ಲಿ ಎಳೆತ ಚೆನ್ನಾಗಿದೆ, ಆದರೆ ತೋಟದ ಏರಿನಲ್ಲಿ ಮೊದಲಿನ ಬಲ ಇಲ್ಲ ಎಂದು. ಅದು ರಾಕರಿನ ದೋಷವಲ್ಲ, ಅಂಥ ಕ್ಯಾಮಿನ ಸ್ವಭಾವ. ಬಲವೆಲ್ಲ ಮೇಲಿನ ಆರ್‌ಪಿಎಂಗೆ ಸರಿಯುತ್ತದೆ. ಮಲೆನಾಡಿನ ಘಾಟಿಯಲ್ಲಿ ದಿನವೂ ಓಡುವ ಗಾಡಿಗೆ ಹೈ ಲಿಫ್ಟ್ ಕ್ಯಾಮ್ ಬೇಡವೆಂದೇ ನಾನು ಇಂದಿಗೂ ಹೇಳುತ್ತೇನೆ. ನಿಯಮದ ಮಾತೂ ಇದೆ: ರ‍್ಯಾಲಿಯ ಗ್ರೂಪ್ ಎನ್ ವರ್ಗದಲ್ಲಿ ಗಾಡಿ ಬಹುಮಟ್ಟಿಗೆ ಕಂಪನಿಯಿಂದ ಬಂದ ಹಾಗೆಯೇ ಇರಬೇಕು, ಕ್ಯಾಮ್ ಬದಲಿಸುವಂತಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟದ ರ‍್ಯಾಲಿ, ಬೆಂಗಳೂರಿನ ಕೆ-1000 ಎಂದು ಕನಸು ಕಾಣುವ ಹುಡುಗರು ಪಾನಾ ಹಿಡಿಯುವ ಮೊದಲು ನಿಯಮದ ಪುಸ್ತಕ ಓದಬೇಕು.

ಅಪ್ಪ ಯಾವಾಗಲೂ ಕಂಪನಿ ರಾಕರಿನ ಪರ ಎಂದು ಇಷ್ಟರಿಂದ ತಿಳಿಯಬಾರದು. ಶಿವಮೊಗ್ಗದ ಒಬ್ಬರು ತಮ್ಮ ತಂದೆಯ ಕಾಲದ ಅಂಬಾಸಡರನ್ನು ಹೊಸದು ಮಾಡಿಸಲು ತಂದಿದ್ದರು. ಅದರ 1489 ಸಿಸಿ ಇಂಜಿನ್ನು ಇಂಗ್ಲೆಂಡಿನ ಬಿಎಂಸಿ ಬಿ-ಸೀರೀಸ್. 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿಗೂ ಇದೇ ಕುಟುಂಬದ ಇಂಜಿನ್ನು. ಹೀಗಾಗಿ ಎಂಜಿ ಕಾರಿನ ಪ್ರೇಮಿಗಳಿಗೆಂದು ಇಂಗ್ಲೆಂಡಿನಲ್ಲಿ ಮಾಡುವ ರೋಲರ್ ತುದಿಯ, ಹೆಚ್ಚು ರೇಷಿಯೊದ ರಾಕರುಗಳು ನಮ್ಮ ಅಂಬಾಸಡರಿನವರ ಕಣ್ಣಿಗೂ ಬೀಳುತ್ತವೆ. ಗಾಡಿ ತಂದಿದ್ದವರ ಸಂಬಂಧಿಕರೊಬ್ಬರು ಅಂಥ ಸೆಟ್ ಒಂದನ್ನು ತಂದುಕೊಟ್ಟಿದ್ದರು. ಜೊತೆಗೆ ಹೈ ಲಿಫ್ಟ್ ಕ್ಯಾಮೂ ಹಾಕಿಸಬೇಕೆಂದು ಮಾಲೀಕರ ಆಸೆ.

ಈ ಇಂಜಿನ್ನಿನಲ್ಲಿ ಕ್ಯಾಮ್ ಇರುವುದು ಹೆಡ್ಡಿನಲ್ಲಲ್ಲ, ಕೆಳಗೆ ಬ್ಲಾಕಿನೊಳಗೆ. ಅಲ್ಲಿಂದ ಟ್ಯಾಪೆಟ್ಟು, ಪುಶ್ ರಾಡು, ಅದರ ಮೇಲೆ ರಾಕರು. ಕ್ಯಾಮ್ ಬದಲಿಸಬೇಕಾದರೆ ಇಂಜಿನ್ನನ್ನೇ ಬಿಚ್ಚಿ ಹರಡಿಕೊಳ್ಳಬೇಕು. ರಾಕರ್ ಬದಲಿಸುವ ಕೆಲಸ ಮೇಲಿನ ಮುಚ್ಚಳದ ಕೆಳಗೇ ಮುಗಿಯುತ್ತದೆ. ಹಳೆಯ ರಾಕರುಗಳನ್ನು ನೋಡಿದರೆ ವಾಲ್ವಿನ ಕಡೆಯ ಮುಖಗಳಲ್ಲಿ ಬಟ್ಟಲಿನಂತೆ ಗುಳಿ ಬಿದ್ದಿತ್ತು. ಅಂಥದಕ್ಕೆ ಟ್ಯಾಪೆಟ್ ಸಂದು ಇಡಲೂ ಆಗುವುದಿಲ್ಲ. ಫೀಲರ್ ಗೇಜು ಗುಳಿಯ ಎರಡು ದಡಗಳ ಮೇಲೆ ಕೂತುಬಿಡುತ್ತದೆ, ಗೇಜು ತೋರಿಸುವ ಸಂದಿಗಿಂತ ನಿಜವಾದ ಸಂದು ಹೆಚ್ಚಿರುತ್ತದೆ. ಎಷ್ಟು ಸಲ ಟ್ಯಾಪೆಟ್ ಇಟ್ಟರೂ ಟಕಟಕ ನಿಲ್ಲದ ಅಂಬಾಸಡರ್ ಟ್ಯಾಕ್ಸಿಗಳ ಗುಟ್ಟು ಇದೇ.

ಇಲ್ಲಿ ಅಪ್ಪನ ತೀರ್ಪು ತಿರುಗುಮುರುಗಾಯಿತು. ಹೊರಗಿನ ರಾಕರ್ ಹಾಕಿ, ಕ್ಯಾಮ್ ಕಂಪನಿಯದೇ ಇರಲಿ ಎಂದರು. ಎರಡೂ ಒಟ್ಟಿಗೆ ಬೇಡವೆನ್ನಲು ಲೆಕ್ಕವಿತ್ತು. ಹೆಚ್ಚಿನ ಕ್ಯಾಮ್ ಲಿಫ್ಟನ್ನು ಹೆಚ್ಚಿನ ರೇಷಿಯೊ ಇನ್ನೂ ದೊಡ್ಡದು ಮಾಡುತ್ತದೆ. ಕ್ಯಾಮ್ ಜಾಸ್ತಿ ಎತ್ತಿದ 1 ಮಿ.ಮೀ. ವಾಲ್ವಿನಲ್ಲಿ ಒಂದೂವರೆ ಆಗುತ್ತದೆ. ವಾಲ್ವು ಪೂರ್ತಿ ತೆರೆದಾಗಲೂ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಬಾರದು, ಒಟ್ಟು ಒಂದೂವರೆ ಮಿ.ಮೀ.ನಷ್ಟಾದರೂ ಎಡೆ ಉಳಿಯಬೇಕು. ನಾವು ಅಳೆದಾಗ ಹೊಸ ರಾಕರಿನ ಜೊತೆ ಅಷ್ಟೇ ಉಳಿದಿತ್ತು. ಸ್ಪ್ರಿಂಗಿನ ಭಾರ ಕ್ಯಾಮಿಗೆ ಮುಟ್ಟುವುದೂ ರೇಷಿಯೊದಿಂದ ಗುಣಿಸಿಕೊಂಡೇ. ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆಯೇ ಎಂದು ನೋಡಲು ಪಿಸ್ಟನ್ ಮೇಲೆ ಮಕ್ಕಳ ಕ್ಲೇ ಮೆತ್ತಿ ಇಂಜಿನ್ನನ್ನು ಕೈಯಲ್ಲಿ ತಿರುಗಿಸಿ, ಆಮೇಲೆ ಅದನ್ನು ಬ್ಲೇಡಿನಿಂದ ಕತ್ತರಿಸಿ ದಪ್ಪ ಅಳೆದೆವು. ಇನ್‌ಲೆಟ್ಟಿಗೆ 2, ಎಕ್ಸಾಸ್ಟಿಗೆ 2.5 ಮಿ.ಮೀ. ಇದ್ದರೆ ನೆಮ್ಮದಿ.

ರೋಲರ್ ರಾಕರಿನ ಬಗ್ಗೆ ಹುಡುಗರಲ್ಲಿ ಬಹಳ ಮೋಹವಿದೆ. ಅಮೆರಿಕದಲ್ಲಿ ಅದಕ್ಕೆ ಕಾರಣ ಇತ್ತು. 1955ರ ಷೆವರ್ಲೆ ವಿ8ನಲ್ಲಿ ರಾಕರ್ ಎಂದರೆ ತಗಡನ್ನು ಒತ್ತಿ ಮಾಡಿದ ತೋಳು, ಒಂದು ಸ್ಟಡ್ಡಿನ ಮೇಲೆ ಗುಂಡಿನಲ್ಲಿ ಆನಿಸಿದ್ದು, ರೇಷಿಯೊ 1.5. ಲಕ್ಷಾಂತರ ಗಾಡಿಗಳಿಗೆ ಅಗ್ಗದಲ್ಲಿ ಮಾಡುವ ಜಾಣ ಕಟ್ಟು. ಆದರೆ ಹೈ ಲಿಫ್ಟ್ ಕ್ಯಾಮ್ ಹಾಕಿದಾಗ ಆ ತೋಳಿನ ತೂತಿನ ಅಂಚು ಸ್ಟಡ್ಡಿಗೆ ತಗಲುತ್ತದೆ. ಅಲ್ಲಿ ಉದ್ದ ತೂತಿನ ರಾಕರೋ ರೋಲರ್ ರಾಕರೋ ಅನಿವಾರ್ಯ. ಶಾಫ್ಟಿನ ಮೇಲೆ ಕೂರುವ ಜಿಪ್ಸಿಯ ಗಟ್ಟಿ ರಾಕರಿಗೆ ಈ ರೋಗವೇ ಇಲ್ಲ. ಅಲ್ಯೂಮಿನಿಯಂ ರಾಕರ್ ಹಗುರ ಎಂದು ಹೇಳುವವರೂ ಪೂರ್ತಿ ಲೆಕ್ಕ ಹೇಳುವುದಿಲ್ಲ. ಅಲ್ಯೂಮಿನಿಯಂ ತೂಕದಲ್ಲಿ ಉಕ್ಕಿನ ಮೂರನೇ ಒಂದು ಪಾಲು, ಬಿಗುವಿನಲ್ಲೂ ಸುಮಾರು ಮೂರನೇ ಒಂದು ಪಾಲೇ. ಬಾಗಬಾರದೆಂದರೆ ದಪ್ಪ ಮಾಡಬೇಕು. ಕೋಟಿಗಟ್ಟಲೆ ಬಡಿತದ ಮೇಲೆ ದಣಿದು ಸೀಳುವ ಗುಣವೂ ಅದಕ್ಕಿದೆ, ರೇಸಿಗೆ ಸರಿ, ವರ್ಷಗಟ್ಟಲೆ ರಸ್ತೆಗೆ ಅಲ್ಲ. ತುದಿಯ ರೋಲರು ಉಜ್ಜಾಟ ತಗ್ಗಿಸುವುದು ನಿಜ, ಆದರೆ ತೂಕವನ್ನು ವಾಲ್ವಿನ ಕಡೆಯ ತುದಿಗೇ ತಂದು ಇಡುತ್ತದೆ. ಆನಿಕೆಯಿಂದ ದೂರದ ತೂಕವೇ ಸ್ಪ್ರಿಂಗಿಗೆ ಹೆಚ್ಚು ಭಾರ. ಇನ್ನು ವಾಲ್ವಿನ ಎತ್ತರ ತಪ್ಪಿದ್ದರೆ ರೋಲರೂ ಅಂಚಿಗೇ ಉರುಳುತ್ತದೆ.

ಅಪ್ಪ ಈಗಿಲ್ಲ. ಗ್ಯಾರೇಜಿನ ಜಾಗದಲ್ಲಿ ಬೇರೆ ಅಂಗಡಿ ಬಂದಿದೆ. ನಾನು ಈಗಲೂ ಹೆಡ್ಡುಗಳ ಕೆಲಸದಲ್ಲೇ ಇದ್ದೇನೆ, ಇದೇ ಪ್ರಶ್ನೆ ಕೇಳುತ್ತಲೂ ಇರುತ್ತಾರೆ. ಕ್ಯಾಮ್ ಲಿಫ್ಟ್ ಸಾಧಾರಣ ಹೆಚ್ಚಾಗಿದ್ದು, ನೀಲಿ ಪಟ್ಟಿ ಸಣ್ಣಗೆ ನಡುವಿನಲ್ಲಿದ್ದು, ಪ್ಯಾಡಿನ ಎರಡೂ ಅಂಚಿಗೆ ಜಾಗ ಉಳಿದಿದ್ದರೆ ಕಂಪನಿ ರಾಕರೇ ಒಳ್ಳೆಯದು. ಉಳಿದ ದುಡ್ಡನ್ನು ಒಳ್ಳೆಯ ಸ್ಪ್ರಿಂಗಿಗೂ ಗೈಡಿಗೂ ಹಾಕಿ. ಪಟ್ಟಿ ಅಂಚು ದಾಟಿದರೆ, ತೋಳು ಎಲ್ಲಾದರೂ ತಗಲಿದರೆ, ಇಲ್ಲವೇ ಸ್ಪ್ರಿಂಗು ತೋಳನ್ನೇ ಬಾಗಿಸುವಷ್ಟು ಬಿಗಿಯಾಗಿದ್ದರೆ ಮಾತ್ರ ಹೊರಗಿನದು ಕೊಳ್ಳಿ, ಅದೂ ತಯಾರಿಸಿದವರ ಹೆಸರು ಇರುವಂಥದ್ದನ್ನು. ಹೆಸರಿಲ್ಲದ ಡಬ್ಬ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಹೊಸ ಅರ ಎಳೆದು ನೋಡದೆ ಇಂಜಿನ್ನಿಗೆ ಹಾಕಬೇಡಿ.